ಸೊನ್ನೆಯ ಕೆಳಗಿನ ಸಹಿ

ನವೆಂಬರ್ 2, ಬೆಳಿಗ್ಗೆ 7
ಈ ವರ್ಷ ಮೇ ಹದಿನಾಲ್ಕರಂದು ನಗರಸಭೆಯವರು ಕೆರೆಯಲ್ಲಿ ಹಕ್ಕಿ ಎಣಿಸಿದರು. ವರದಿ ನಿನ್ನೆ ಕೈಗೆ ಬಂತು. ವಲಸೆ ಹಕ್ಕಿಗಳು: ಸೊನ್ನೆ. ಮೇ ತಿಂಗಳಲ್ಲಿ ಅವು ದೂರದ ಉತ್ತರದಲ್ಲಿ ಗೂಡು ಕಟ್ಟುತ್ತಿರುತ್ತವೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ, ಮಕ್ಕಳೇ ಇಲ್ಲ ಎಂದು ಬರೆದುಕೊಂಡು ಬಂದ ಹಾಗೆ. ಈ ಸೊನ್ನೆಯನ್ನು ಹಿಡಿದು ಕೆರೆಯ ಕೆಸರುಭಾಗಕ್ಕೆ ಮಣ್ಣು ತುಂಬಿ ಲಾರಿ ನಿಲ್ದಾಣ ಮಾಡುತ್ತಾರಂತೆ. ಆಕ್ಷೇಪಣೆಗೆ ಇಪ್ಪತ್ತೆಂಟರವರೆಗೆ ಅವಕಾಶ. ಇಪ್ಪತ್ತೆರಡು ಚಳಿಗಾಲ ಎಣಿಸಿದ್ದೇನೆ. ನೋಟ್‌ಬುಕ್ಕುಗಳಿವೆ. ಬಿಡುವುದಿಲ್ಲ.

ಅದೇ ದಿನ, ಸಂಜೆ
ನಾಲ್ಕನೇ ಪುಟ ಈಗ ನೋಡಿದೆ. 'ಸ್ಥಳೀಯ ಸಾಕ್ಷಿ' — ನನ್ನ ಸಹಿ.
ನೆನಪಾಯಿತು. ಅವತ್ತು ಎಣಿಸಲು ಬಂದಿದ್ದ ನಗರಸಭೆ ಎಂಜಿನಿಯರ್ ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟಿದ್ದ. "ನಾವು ಬಂದಿದ್ವಿ ಅನ್ನೋದಕ್ಕೆ ಒಂದು ಸಹಿ ಅಷ್ಟೇ, ಮೇಡಂ." ಕೊನೆಗೂ ಇವರು ಕೆರೆ ಕಡೆ ತಲೆ ಹಾಕಿದರಲ್ಲ ಎಂಬ ಖುಷಿ. ಓದದೆ ಹಾಕಿದೆ. ಮೂವತ್ತೈದು ವರ್ಷ ಲೈಬ್ರರಿ ಕೌಂಟರಿನಲ್ಲಿ ಕೂತು, ಓದಿ ಸಹಿ ಮಾಡಿ ಎಂದು ಊರಿಗೆಲ್ಲ ಗದರಿದವಳು.

ನವೆಂಬರ್ 3
ತಂಗಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಕ್ಕಳು.
"ಸುಮ್ನಿದ್ದುಬಿಡಕ್ಕ. ನಾಲ್ಕನೇ ಪುಟದವರೆಗೆ ಯಾರು ಓದ್ತಾರೆ?"
"ನಾನು ಓದಿದೆನಲ್ಲ."
"ಆರು ತಿಂಗಳು ತಡವಾಗಿ."
ಆಕ್ಷೇಪಣೆ ಹಾಕಿದರೆ ಮೊದಲು ನನ್ನ ಸಹಿಯನ್ನೇ ಮುಖಕ್ಕೆ ಹಿಡಿಯುತ್ತಾರೆ. ಹಾಕದಿದ್ದರೆ…

ನವೆಂಬರ್ 11, ಬೆಳಿಗ್ಗೆ 9
ಕೆರೆಯ ದೋಣಿಯವನು ಆರಕ್ಕೇ ಬಾಗಿಲು ತಟ್ಟಿದ. "ನಿಮ್ಮ ನೆಂಟರು ಇಳಿದಿದ್ದಾರೆ, ಅಮ್ಮ. ವಾರದಿಂದ ನೀವೇ ಇಲ್ಲ. ಕೆರೆ ಜೊತೆ ಜಗಳಾನಾ?"
ಹೋದೆ. ಉದ್ದ ಕೊಕ್ಕಿನ ಗೊರವ ಹಕ್ಕಿಗಳು, 312. ಹೊಲಿಗೆ ಹಾಕಿದಂತೆ ಕೆಸರಿಗೆ ಚುಚ್ಚಿ ಚುಚ್ಚಿ ತೆಗೆಯುತ್ತಿದ್ದವು. ಒಂದರ ಕಾಲಿಗೆ ಹಳದಿ ಪಟ್ಟಿ. ಅದರ ಮೇಲಿನ ಅಕ್ಷರ ನನ್ನ ಕಣ್ಣಿಗೆ ಹತ್ತಲಿಲ್ಲ. ತಂಗಿಯನ್ನು ಎಳೆದುಕೊಂಡು ಬಂದೆ. ಹಕ್ಕಿ ಎಂದರೆ ಮೂಗು ಮುರಿಯುವವಳು ಟೆಲಿಸ್ಕೋಪಿಗೆ ಒಂದು ಗಂಟೆ ಅಂಟಿಕೊಂಡಳು.
"ಕೆ, ಏಳು… ಕಾಲು ಎತ್ತೇ ತಾಯಿ, ಕಡೇದು ಕಾಣ್ತಿಲ್ಲ."
ಹಕ್ಕಿ ಎತ್ತಿತು. ಟಿ.

ನವೆಂಬರ್ 16
ಹಕ್ಕಿಗಳ ಕಾಲುಪಟ್ಟಿಯ ವಿವರ ಇಡುವ ವೆಬ್‌ಸೈಟಿಗೆ ಬರೆದಿದ್ದೆ. ಪಟ್ಟಿ ಕಟ್ಟಿದ ಸಂಶೋಧಕಿಯೇ ಉತ್ತರಿಸಿದ್ದಾಳೆ. ಉತ್ತರ ಧ್ರುವದ ಕಡೆ, ಎರಡು ಬೇಸಿಗೆ ಹಿಂದೆ, ಮರಿಯಾಗಿದ್ದಾಗ ಕಟ್ಟಿದ್ದಂತೆ. ಅಲ್ಲಿ ಹಿಮ ಬೇಗ ಕರಗುತ್ತಿದೆ, ಚಳಿ ತಡವಾಗಿ ಇಳಿಯುತ್ತಿದೆ. ಹಕ್ಕಿಗಳ ಪಯಣದ ದಿನಗಳೂ ಏರುಪೇರು. ಈ ಹಾದಿಯಲ್ಲಿ ಇಷ್ಟು ವರ್ಷದ ದಾಖಲೆ ಅವರಿಗೆ ಎಲ್ಲೂ ಸಿಕ್ಕಿಲ್ಲ. ಗೊರವ ಮೊದಲು ಇಳಿದ ದಿನಾಂಕ ಬೇಕು, ಇಪ್ಪತ್ತೆರಡೂ ವರ್ಷದ್ದು.
ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಹರಡಿದೆವು. ತಂಗಿ ಓದಿದಳು, ನಾನು ಬರೆದೆ. ಮೊದಲಿಗಿಂತ ಈಗ ಒಂಬತ್ತು ದಿನ ತಡ. ಭೂಮಿ ಬಿಸಿಯಾಗುವ ಸುದ್ದಿ ಪೇಪರಿನಲ್ಲಿ ಎಷ್ಟೋ ಓದಿದ್ದೇನೆ. ನನ್ನದೇ ಕೈಬರಹದಲ್ಲಿ ಓದಿದ್ದು ಇದೇ ಮೊದಲು.

ನವೆಂಬರ್ 27
ಆಕ್ಷೇಪಣೆ ಕೊಟ್ಟು ಬಂದೆ. ಮೊದಲ ಸಾಲು: ನಾಲ್ಕನೇ ಪುಟದ ಸಹಿ ನನ್ನದು, ಓದದೆ ಹಾಕಿದ್ದು, ತಪ್ಪು ನನ್ನದು. ದೋಣಿಯವನೂ ಸಹಿ ಹಾಕಿದ — ಪೂರ್ತಿ ಓದಿಸಿಕೊಂಡು, ಎರಡು ಸಲ.

ಡಿಸೆಂಬರ್ 9, 11.20, ನಗರಸಭೆ ಸಭಾಂಗಣ
ಬಹಿರಂಗ ವಿಚಾರಣೆ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿದ್ದಾರೆ. ನನ್ನ ತಪ್ಪನ್ನು ನಾನೇ ಮೈಕಿನಲ್ಲಿ ಓದಿದೆ. ಯಾರೂ ನಗಲಿಲ್ಲ. ಆಮೇಲೆ ಗೊರವಗಳ ದಿನಾಂಕಗಳು, ಸಂಶೋಧಕಿಯ ಪತ್ರ.
ಅಧ್ಯಕ್ಷರು: "ಈ ತಿಂಗಳೇ ಇನ್ನೊಂದ್ಸಲ ಎಣಿಸೋಣ. ಅಲ್ಲೀವರೆಗೆ ಮಣ್ಣು ತುಂಬೋದು ಬೇಡ." ಚಪ್ಪಾಳೆ.
ಇಷ್ಟಕ್ಕೇ ಕೂರಬಹುದಿತ್ತು. ಆದರೆ ಹದಿನೆಂಟು ವರ್ಷದ ಹಿಂದೆ ಊರಾಚೆಯ ನೀರಿನ ಕುಂಟೆ ಇದೇ ರೀತಿ ಬೇಸಿಗೆಯ ಎಣಿಕೆಯಿಂದ ಮಣ್ಣುಪಾಲಾಯಿತು. ಈಗಲ್ಲಿ ಗೋದಾಮು.
"ಮೇ ತಿಂಗಳಲ್ಲೇ ಎಣಿಸ್ಬೇಕು ಅಂತ ಗೊತ್ತು ಮಾಡಿದವರು ಯಾರು?"
ಅಧ್ಯಕ್ಷರು: "ಅದನ್ನ ಪತ್ರದಲ್ಲಿ ತಿಳಿಸ್ತೀವಿ. ಕೂತ್ಕೊಳ್ಳಿ, ಮೇಡಂ."
"ಪತ್ರ ಬೇಡ. ನನ್ನ ತಪ್ಪು ಎಲ್ಲರ ಮುಂದೆ ಹೇಳಿದ್ದೀನಿ. ನಿಮ್ಮ ಉತ್ತರಾನೂ ಎಲ್ಲರ ಮುಂದೆ ಬರ್ಲಿ. ಇವತ್ತೇ."
ನಿಂತೇ ಬರೆಯುತ್ತಿದ್ದೇನೆ. ಗೋಡೆಗೆ ಒರಗಿದವರೂ ನೆಟ್ಟಗೆ ನಿಂತಿದ್ದಾರೆ. ಎಂಜಿನಿಯರ್ ಮೈಕಿನತ್ತ ಕೈ ಚಾಚಿ, ಗಂಟಲು ಸರಿಮಾಡಿಕೊಂಡು —