ನಿಂಬೆಹಣ್ಣಿನ ಫೋಟೊ ಮತ್ತು ನನ್ನ ಉಗುಳು

ಶ್ರೀಮತ್ ಸಮಸ್ತ ಹಾಸಿಗೆ ಮಂಡಲಾಧೀಶ್ವರಿ, ಮೂರು ದಿಂಬುಗಳ ಒಡತಿ, ನನ್ನ ಅಕ್ಕನ ಸನ್ನಿಧಾನಕ್ಕೆ ತಮ್ಮನ ಸಾಷ್ಟಾಂಗ ಬಿನ್ನಹ.

ನಿನ್ನ ಡಾಕ್ಟರು ಹೇಳಿದ ಸಂಶೋಧನಾಲಯಕ್ಕೆ ಬಂದು ಮುಟ್ಟಿದೆ. ಖಿನ್ನತೆ ಇರುವವರ ಒಡಹುಟ್ಟಿದವರಿಂದ ಉಗುಳು ತೆಗೆದುಕೊಂಡು, ಮನಸ್ಸಿನ ಹದ ಕಾಯುವ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ಸಾಗಿಸುವ ಜೀನ್ ಇಬ್ಬರಲ್ಲೂ ಒಂದೇ ಬಗೆಯದೋ ಎಂದು ನೋಡುತ್ತಾರಂತೆ. ಗೋಡೆಯ ಮೇಲೆ ಹೆಚ್ಚಿದ ನಿಂಬೆಹಣ್ಣಿನ ದೊಡ್ಡ ಫೋಟೊ ಇದೆ. ಬಾಯಲ್ಲಿ ನೀರೂರಲಿ ಎಂದು ದೊಡ್ಡ ದೊಡ್ಡವರೆಲ್ಲ ಕೊಳವೆ ಹಿಡಿದು ಅದರೆದುರು ಗಂಭೀರವಾಗಿ ಕೂತಿದ್ದಾರೆ. ಊರವರಿಂದೆಲ್ಲ ಉಗಿಸಿಕೊಂಡ ನನಗೆ ಉಗಿಯಲು ಒಂದು ಹನಿಯೂ ಬರಲಿಲ್ಲ. ಹೆದರಿ ನಾಲಗೆ ಒಣಗಿ ಕಟ್ಟಿಗೆಯಾಗಿತ್ತು.

"ಅಕ್ಕನಿಗೆ ಬಂದಿದ್ದು ನಂಗೂ ಬರುತ್ತಾ ಮೇಡಂ?" ಎಂದು ಲ್ಯಾಬಿನವರನ್ನು ಕೇಳಿದೆ.

"ಒಂದು ಜೀನ್ ನೋಡಿ ಹಾಗೆಲ್ಲ ಹೇಳೋಕಾಗಲ್ಲ ಕಣಪ್ಪ. ನಾವೇನು ಕಣಿ ಹೇಳೋರಾ? ಸುಮ್ನೆ ನಿಂಬೆಹಣ್ಣು ನೋಡು!"

ಹೇಗೋ ಕೊಳವೆ ತುಂಬಿತು. ನೀನು ಮಾತ್ರೆ ತಪ್ಪಿಸಬೇಡ. ಈ ಅಂಚೆ ಕಾರ್ಡು ಅಮ್ಮನ ಕೈಗೆ ಸಿಗದ ಹಾಗೆ ದಿಂಬಿನಡಿ ತಳ್ಳಿಬಿಡು. ಜಾಗ ಮುಗಿಯಿತು, ಇಷ್ಟು ಹೇಳಿ ನಿಲ್ಲಿಸುತ್ತೇನೆ. ನಿನಗೋಸ್ಕರ ಹೊರಟೆ ಎಂದು ಎಲ್ಲರೆದುರು ಮೆರೆದೆನಲ್ಲ, ಅದು ಸುಳ್ಳು. ಒಂದು ತಿಂಗಳಿಂದ ನನಗೂ ಬೆಳಿಗ್ಗೆ ಏಳಲು ಆಗುತ್ತಿಲ್ಲ, ಅಕ್ಕ.