ಹಿಂದಿನ ಚಕ್ರದ ಮೇಲಿನ ಸೀಟು

ಮಗಳ ಮನೆ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ಮಂಡಿನೋವು ಹೇಗಿದೆ? ನಾನಿಲ್ಲ ಅಂತ ಬಟ್ಟೆ ಒಣಹಾಕಲು ಮಹಡಿ ಹತ್ತಬೇಡ, ಚಿಕ್ಕವನಿಗೆ ಹೇಳು. ಮಾತ್ರೆ ತಪ್ಪಿಸಬೇಡ. ನನ್ನ ಚಿಂತೆ ಬಿಡು, ಗುಂಡುಕಲ್ಲಿನ ಹಾಗಿದ್ದೇನೆ. ಎಲ್ಲ ಫೋನಿನಲ್ಲೇ ಹೇಳೋಣವೆಂದರೆ ಆ ಕಡೆ ನೀನು ಬಿಕ್ಕುವ ಸದ್ದು ಕೇಳಿದ ತಕ್ಷಣ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಟ್ಟದಾಚೆ ನಗರದ ದೊಡ್ಡಾಸ್ಪತ್ರೆಯಿಂದ ನಿನ್ನೆ ಮಗಳನ್ನು ಮನೆಗೆ ಕಳಿಸಿದರು. ಬಾಣಂತನಕ್ಕೆ ನೀನು ಬರಬೇಕಾದ ಕಡೆ ನಾನು ಬಂದೆ. ಬಂದರೆ, ಹೊಟ್ಟೆಯಲ್ಲೇ ಮಗುವಿನ ಉಸಿರು ನಿಂತಿತ್ತು. ಅವಳನ್ನು 'ಮಗೂ' ಎಂದು ಕರೆಯುವುದು ನನ್ನ ರೂಢಿ ತಾನೇ, ಆ ಮಾತೂ ಬಾಯಿಗೆ ಬರಲಿಲ್ಲ. ಅವಳನ್ನು ಕಳಿಸುವ ಹಿಂದಿನ ದಿನವೇ ಅಳಿಯ ಊರಿಗೆ ಹೊರಟುಹೋಗಿದ್ದ. ತಪ್ಪು ತಿಳಿಯಬೇಡ, ಅವಳು ಮನೆ ಸೇರುವಷ್ಟರಲ್ಲಿ ತೊಟ್ಟಿಲು, ಪುಟ್ಟ ಬಟ್ಟೆ ಎಲ್ಲ ಕಣ್ಣಿಗೆ ಬೀಳದಂತೆ ತೆಗೆದಿಡಬೇಕಿತ್ತು. ಸ್ವಲ್ಪ ದಿನ ಲಾಡ್ಜಿನಲ್ಲಿದ್ದು ಸುಧಾರಿಸಿಕೊಂಡು ಹೋಗೋಣ ಅಂದೆ. "ನನ್ನ ಹಾಸಿಗೇಲಿ ಮಲಗಬೇಕಪ್ಪಾ" ಅಂದಳು. ಬೆಟ್ಟ ದಾಟಿ ಅವಳ ಊರಿಗೆ ಹೋಗಲು ಇರುವುದು ಒಂದೇ ಬಸ್ಸು, ಅದೂ ರಾತ್ರಿಯದು.

ಜೀವಮಾನವೆಲ್ಲ ಟಿಕೆಟ್ ಹರಿದ ಕಂಡಕ್ಟರನಿಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ನಮ್ಮ ಡಿಪೋದಲ್ಲಿ ಅದಕ್ಕೆ ಕುದುರೆ ಸವಾರಿ ಅನ್ನುತ್ತಿದ್ದೆವು. ಕಾಲು ಚಾಚಲು ಜಾಗವಿಲ್ಲದೆ ಮಂಡಿ ಎದೆಗೆ ಬಂದಿತ್ತು. ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದಿಗೆ ಕರವಸ್ತ್ರ ತುರುಕಿದೆ. ಹೀಟರು ಮುಂದಿನವರಿಗೆ ಬೆವರಿಳಿಸುತ್ತಿತ್ತು, ನಮ್ಮ ತನಕ ಬಂದಿದ್ದು ಅದರ ಸದ್ದು ಮಾತ್ರ. ತಿರುವಿನ ಮೇಲೆ ತಿರುವು. ಮುಂದಿನ ಸೀಟಿನ ದಪ್ಪ ಮನುಷ್ಯ ಚೀಲದೊಳಗೆ ವಾಂತಿ ಮಾಡಿಕೊಳ್ಳುತ್ತ, ಪಾಪ, ಪ್ರತಿ ಸಲವೂ ನಮ್ಮ ಕಡೆ ತಿರುಗಿ ಕ್ಷಮೆ ಕೇಳುವಂತೆ ತಲೆಬಾಗುತ್ತಿದ್ದ. ಬೇರೆ ದಿನವಾಗಿದ್ದರೆ ಡ್ರೈವರನ ಹತ್ತಿರ ಹೋಗಿ ಗೇರು ಹಾಕುವುದು ಹೇಗೆಂದು ಪಾಠ ಹೇಳಿ ಬೈಸಿಕೊಂಡು ಬರುತ್ತಿದ್ದೆ. ನಿನ್ನೆ ಯಾವುದೂ ನನಗೆ ತಾಗಲಿಲ್ಲ. ಪಾದ ಮರಗಟ್ಟಿತ್ತು. ಅಲ್ಲಿಂದ ಮೇಲಕ್ಕೆ ಎಲ್ಲಿಯ ತನಕ ಮರಗಟ್ಟಿತ್ತೋ ತಿಳಿಯದು.

ಬೆಟ್ಟದ ನೆತ್ತಿ ಹತ್ತಿರವಾದಾಗ ಅವಳು ಮೆಲ್ಲಗೆ "ಅಪ್ಪಾ, ನಿನ್ನ ಶಾಲು ಕೊಡು" ಅಂದಳು. ಚಳಿಗೆ ಅಂದುಕೊಂಡೆ. ಅಲ್ಲ ಕಣೇ, ಹಾಲು ಬಂದಿತ್ತು. ಅಂಗಿಯ ಮುಂಭಾಗವೆಲ್ಲ ಒದ್ದೆ. ಎದೆ ಗಟ್ಟಿಯಾಗಿ, ಬಸ್ಸು ಕುಲುಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಕುಡಿಯುವವರಿಲ್ಲ ಅಂತ ಹಾಲಿಗೆ ಯಾರು ಹೇಳಬೇಕು? ಇಂಥದ್ದೆಲ್ಲ ನಿನ್ನ ಇಲಾಖೆ, ನಿನ್ನ ಹೆರಿಗೆಗಳಿಗೆಲ್ಲ ನಾನು ಬಾಗಿಲಾಚೆ ನಿಂತವನು. ಏನೂ ತೋಚದೆ "ನೀರು ಕುಡೀತೀಯಾ?" ಅಂತ ಕೇಳಿದೆ, ನನ್ನ ಬುದ್ಧಿಗಿಷ್ಟು!

ಪಕ್ಕದ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಇದನ್ನು ನೋಡಿದಳು. ಅವಳ ಭಾಷೆ ನಮಗೆ ಬಾರದು. ತೋಳು ಮಡಚಿ ತೂಗಿ, ಮಗು ಎಲ್ಲಿ ಎಂಬಂತೆ ಹುಬ್ಬೆತ್ತಿದಳು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಅಜ್ಜಿ ಮತ್ತೇನೂ ಕೇಳದೆ ಎದ್ದು ಬಂದು, ನನ್ನನ್ನು ಎಬ್ಬಿಸಿ, ಶಾಲನ್ನು ಪರದೆ ಮಾಡಿಕೊಂಡು ಆ ಕಡೆ ತಿರುಗಿ ನಿಲ್ಲು ಎಂದು ಸನ್ನೆ ಮಾಡಿದಳು. ತನ್ನ ತಲೆಗೆ ಸುತ್ತಿದ್ದ ಉದ್ದನೆಯ ಬಟ್ಟೆ ಬಿಚ್ಚಿದಳು. ನಾನು ಶಾಲನ್ನು ಬೆನ್ನ ಮೇಲೆ ಹರಡಿಕೊಂಡು, ಎರಡೂ ಕೈ ಅಗಲಿಸಿ ನಡುವಿನ ಓಣಿಯಲ್ಲಿ ನಿಂತೆ. ಕಂಬಿ ಹಿಡಿಯಲು ಕೈ ಬಿಡುವಿಲ್ಲ. ಕಂಡಕ್ಟರನ ಕಾಲು, ಜಗ್ಗಲಿಲ್ಲ. ಹಿಂದೆ ಅಜ್ಜಿ ಹಾಲು ಹಿಂಡಿ ತೆಗೆದು, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುತ್ತಿದ್ದಳು. ಮಗಳು ನರಳಿದಳು, ಆಮೇಲೆ ಅತ್ತಳು. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಬಸ್ಸಿಗೆಲ್ಲ ಕೇಳುವಂತೆ ಅತ್ತಳು. ಡ್ರೈವರ್ ರೇಡಿಯೋ ಆರಿಸಿದ. ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಅಳು ಬರಲಿಲ್ಲ. ತೋಳು ಜೋಮು ಹಿಡಿದಿದೆ ಅನ್ನುವುದಷ್ಟೇ ಗೊತ್ತಾಗುತ್ತಿತ್ತು.

ಬೆಳಕು ಹರಿಯುವಾಗ ಅಜ್ಜಿ ಯಾವುದೋ ಹಳ್ಳಿಯಲ್ಲಿ ಇಳಿದಳು. ಬಟ್ಟೆ ವಾಪಸು ಕೇಳಲಿಲ್ಲ. ಆ ಚಳಿಯಲ್ಲಿ ಬರಿತಲೆಯಲ್ಲೇ ನಡೆದುಹೋದಳು. ಥ್ಯಾಂಕ್ಸ್ ಅನ್ನಲು ನನಗೆ ಅವಳ ಭಾಷೆಯ ಒಂದು ಶಬ್ದವೂ ಸಿಗಲಿಲ್ಲ.

ನಿಲ್ದಾಣಕ್ಕೆ ಅಳಿಯ ಬಂದಿದ್ದ. ಮಗುವಿನ ಕೋಣೆ ಖಾಲಿ ಮಾಡಿದ್ದಾನೆ. ನೆಲಹಾಸಿನ ಮೇಲೆ ತೊಟ್ಟಿಲ ಕಾಲಿನ ಗುಳಿಗಳು ಮಾತ್ರ ಹಾಗೇ ಇವೆ. ಉಜ್ಜಿ ಉಜ್ಜಿ ನೋಡಿದನಂತೆ, ಹೋಗಲಿಲ್ಲವಂತೆ. ಅವಳು ಒಂದೆರಡು ತುತ್ತು ತಿಂದು ಮಲಗಿದ್ದಾಳೆ. ಮಧ್ಯೆ ಎದ್ದು "ಅಮ್ಮ ಯಾವಾಗ ಬರ್ತಾಳೆ?" ಅಂದಳು. "ಮಂಡಿ ಸರಿಹೋಗಲಿ, ಬರ್ತಾಳೆ" ಅಂದೆ.

ಅಕ್ಕನಿಗೆ ನಮಸ್ಕಾರ ತಿಳಿಸು. ಚಿಕ್ಕವನಿಗೆ ಆಶೀರ್ವಾದ, ರಾತ್ರಿ ಗೇಟಿಗೆ ಬೀಗ ಹಾಕುವುದನ್ನು ಮರೆಯದಿರಲಿ.

ನಿನ್ನ
'ಇವರು'

ತಾ.ಕ.: ಅಂಚೆಗೆ ಹಾಕಲು ಅಳಿಯ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವನ್ನು ಒಯ್ದಿದ್ದರು ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳು. ನರ್ಸು ತಂದು ನನ್ನ ಕೈಗೇ ಕೊಟ್ಟಳು. ಎತ್ತಿಕೊಂಡೆ. ಹೆಣ್ಣು. ಹಣೆ ನಿನ್ನದೇ. ತಲೆ ತುಂಬ ಕೂದಲಿತ್ತು ಕಣೇ, ಇನ್ನೂ ಒದ್ದೆಯಾಗಿತ್ತು.