ಕಾವಲು ಹಡಗಿನ ಅಡಿಟಿಪ್ಪಣಿ

ಮಾಸ್ತರರೇ,

ಕ್ಷೇಮವೇ ಎಂದು ಕೇಳುವುದಿಲ್ಲ. ತೀರಿಹೋದವರನ್ನು ಹಾಗೆ ಕೇಳಿದರೆ ನೀವೇ ಕೆಂಪು ಪೆನ್ನು ತೆಗೆಯುತ್ತಿದ್ದಿರಿ. ನೀವು ಹೋಗಿ ಎರಡು ವರ್ಷ ತುಂಬುತ್ತ ಬಂತು. ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಪುರುಸೊತ್ತಿರಲಿಲ್ಲ ಎಂದು ನೆಪ ಹೇಳಬಹುದಿತ್ತು. ಕನ್ನಡದಲ್ಲಿ ಹೇಳಿ ನೋಡಿದೆ, ಬಾಯಿಗೆ ಬರಲಿಲ್ಲ. ಪುರುಸೊತ್ತಿತ್ತು, ಧೈರ್ಯ ಇರಲಿಲ್ಲ.

ನಿಮ್ಮ ಕ್ವೀನ್ಸ್‌ಬರಿಯ ಅಡುಗೆಮನೆಗೆ ನಾನು ಮೊದಲ ಸಲ ಬಂದ ಶನಿವಾರ ನೆನಪಿದೆಯೇ? ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನ ನನ್ನ ಮನೆಯಿಂದ ಹೊರಟು, ನಡುವೆ ರೈಲು ಬದಲಿಸಿ, ದಾರಿ ತಪ್ಪಿ, ಒಂದು ಗಂಟೆ ತಡವಾಗಿ ಬಂದಿದ್ದೆ. ಮೈಸೂರಿನಲ್ಲಿ ಜಪಾನಿ ಕಲಿತ ಸರ್ಟಿಫಿಕೇಟು ಚೀಲದಲ್ಲಿತ್ತು, ಜಂಬ ತಲೆಯಲ್ಲಿತ್ತು. ನೀವೋ ಧಾರವಾಡದವರು, ಹರೆಯದಲ್ಲಿ ಜಪಾನಿನ ಹಡಗುಕಟ್ಟೆಯೊಂದರಲ್ಲಿ ಏಳು ವರ್ಷ ಬೆಸುಗೆ ಪರೀಕ್ಷೆ ಮಾಡಿದವರು, ಆಮೇಲೆ ಲಂಡನ್ನಿಗೆ ಬಂದು ಹಡಗುಗಳ ಕಾಗದಪತ್ರ ಅನುವಾದಿಸುತ್ತಲೇ ತಲೆ ನೆರೆಸಿಕೊಂಡವರು. ಒಂದು ಜಪಾನಿ ವಾಕ್ಯ ಕೊಟ್ಟಿರಿ. ನಾನು ಪಟ್ಟನೆ ಇಂಗ್ಲಿಷಿಗೆ ಹಾಕಿ ಮುಖ ನೋಡಿದೆ. ನೀವು ಕಾಗದ ನೋಡಲೇ ಇಲ್ಲ.

“ಮದ್ಲ ಕನ್ನಡದಾಗ ಹೇಳು ತಂಗಿ,” ಎಂದಿರಿ. “ಕನ್ನಡದಾಗ ಹೇಳ್ಲಿಕ್ಕೆ ನಾಚಿಕಿ ಬಂತಂದ್ರ ಇಂಗ್ಲಿಷಿನಾಗೂ ಬರೀಬ್ಯಾಡ. ಇಂಗ್ಲಿಷ್ ನಮಗ ಆಫೀಸಿನ ಭಾಷಾ, ಅದರಾಗ ಸುಳ್ಳು ಸಲೀಸ ಬರ್ತದ.”

ಗುರುತು ಹಾಕುವುದನ್ನೂ ನೀವು ಜಪಾನಿ ಮೇಷ್ಟರುಗಳ ಹಾಗೆಯೇ ಕಲಿಸಿದಿರಿ. ಸರಿಯಾದ ವಾಕ್ಯಕ್ಕೆ ಸೊನ್ನೆ, ತಪ್ಪಿಗೆ ಟಿಕ್. ನಮ್ಮ ಶಾಲೆಯಲ್ಲಿ ಸೊನ್ನೆ ಎಂದರೆ ಮನೆಗೆ ಹೋಗಲು ಹೆದರಿಕೆ. ನಿಮ್ಮ ಮನೆಯಲ್ಲಿ ಸೊನ್ನೆ ಬಿದ್ದರೆ ನಿಮ್ಮ ಹೆಂಡತಿ, ನಾನು ಕಾಕು ಎಂದು ಕರೆಯುವವರು, ಇನ್ನೊಂದು ಶೇಂಗಾ ಉಂಡೆ ಕೊಡುತ್ತಿದ್ದರು. ಮೂರು ವರ್ಷದಲ್ಲಿ ನನ್ನ ಕೈಗೆ ಅದು ಎಷ್ಟು ಅಂಟಿತೆಂದರೆ, ದಿನಸಿ ಪಟ್ಟಿಯಲ್ಲಿ ತಂದ ಸಾಮಾನಿಗೂ ನಾನು ಸೊನ್ನೆ ಸುತ್ತುತ್ತೇನೆ.

ಒಂದು ಸಲ ನೀವು ಹಡಗುಕಟ್ಟೆಯ ದಿನಗಳ ನಿಮ್ಮ ಮನೆಯೊಡತಿಯ ಮಾತು ತೆಗೆದಿದ್ದಿರಿ. ಆಕೆಯ ಅಣ್ಣ ಎರಡನೆಯ ಮಹಾಯುದ್ಧದಲ್ಲಿ ಸತ್ತವನು. ಸೋತು ಹಿಂದೆ ಸರಿದದ್ದನ್ನು ಆಗ ಅಲ್ಲಿನ ಪತ್ರಿಕೆಗಳು ದಿಕ್ಕು ಬದಲಿಸಿ ಮುನ್ನಡೆದದ್ದು ಎಂದು ಬರೆಯುತ್ತಿದ್ದವಂತೆ. ಮನೆಯವರು ಆ ಪದ ಓದಿ ಹಬ್ಬದಡುಗೆ ಮಾಡಿದ್ದರಂತೆ. ಕಥೆ ಅಲ್ಲಿಗೇ ನಿಲ್ಲಿಸಿ ನೀವು ಚಹಾ ಲೋಟ ತೊಳೆಯಲು ಎದ್ದಿರಿ. ನೀವು ಪದಗಳ ಮೇಲೆ ಅಷ್ಟು ಹಟ ಮಾಡುವುದೇಕೆ ಎಂದು ನನಗೆ ಅವತ್ತೇ ಅರ್ಥವಾಗಬೇಕಿತ್ತು. ಆಗಿತ್ತೋ ಏನೋ…

ಆಮೇಲೆ ಆ ಹಡಗು ಬಂತು. ಹೆಲಿಕಾಪ್ಟರುಗಳಿಗಾಗಿ ಕಟ್ಟಿದ ಜಪಾನಿನ ದೊಡ್ಡ ಹಡಗು, ಈಗ ಫೈಟರ್ ಜೆಟ್‌ಗಳಿಗಾಗಿ ಮಾರ್ಪಡುತ್ತಿದೆ ಎಂಬ ವರದಿ. ಅನುವಾದ ನಿಮ್ಮ ಪಾಲಿಗೆ ಬಂದಿತ್ತು. ನೀವು ಎಷ್ಟು ಉತ್ಸಾಹದಿಂದ ವಿವರಿಸಿದಿರಿ! ಇಸ್ತ್ರಿಪೆಟ್ಟಿಗೆಯ ಮೂತಿಯ ಹಾಗೆ ಚೂಪಾಗಿದ್ದ ಮುಂಭಾಗವನ್ನು ಮಣೆಯ ಹಾಗೆ ಚೌಕ ಮಾಡುತ್ತಾರೆ, ವಿಮಾನ ಓಡಿ ಹಾರಲು ಅಷ್ಟು ಅಗಲ ಬೇಕು. ಜೆಟ್ಟು ನೆಟ್ಟಗೆ ಕೆಳಗಿಳಿಯುವಾಗ ಅದರ ಬೆಂಕಿಯುಸಿರಿಗೆ ಹಡಗಿನ ಮೇಲಟ್ಟ ಸುಡದಂತೆ ಹೊಸ ಲೇಪ ಬಳಿಯುತ್ತಾರೆ. ಕಾಕುವಿನ ರೊಟ್ಟಿ ಹಂಚನ್ನೇ ಎತ್ತಿ ಹಿಡಿದು, “ಇಷ್ಟ ಕಾಯ್ತದ ನೋಡು, ಇದರ ಹತ್ತ ಪಟ್ಟು,” ಎಂದಿರಿ. ಹಂಚು ಕೊಡಿ ಎಂದು ಕಾಕು ಹಿಂದೆಯೇ ನಿಂತಿದ್ದರು.

ನಿಮ್ಮನ್ನು ಕಾಡಿದ್ದು ಲೋಹವಲ್ಲ, ಒಂದು ಪದ. ಇಷ್ಟೆಲ್ಲ ಬದಲಾದ ಮೇಲೂ ಜಪಾನಿ ಕಾಗದದಲ್ಲಿ ಅದರ ಹೆಸರು ಹಿಂದಿನದೇ, ಗೊಎಯ್‌ಕಾನ್. ಅಂದರೆ ಕಾವಲು ಹಡಗು. ದಾಳಿ ಮಾಡುವ ವಿಮಾನವಾಹಕ ಹಡಗು ತಮಗಿರಬಾರದು ಎಂದು ಹೇಳಿಕೊಂಡು ಬಂದ ದೇಶ. ಹಾಗಾಗಿ ಹಡಗನ್ನು ಕತ್ತರಿಸಿದರು, ಹೆಸರನ್ನು ಮುಟ್ಟಲಿಲ್ಲ. ಇಂಗ್ಲಿಷಿನಲ್ಲಿ ಅದನ್ನೇ ಡೆಸ್ಟ್ರಾಯರ್ ಎನ್ನುವುದು ವಾಡಿಕೆ.

“ಒಂದ ಹಡಗ ನೋಡವಾ,” ಎಂದು ನಕ್ಕಿರಿ. “ಜಪಾನಿ ಭಾಷಾದಾಗ ಕಾವಲುಗಾರ, ಇಂಗ್ಲಿಷಿನಾಗ ನಾಶ ಮಾಡಾಂವ. ಈಗ ಬೆನ್ನ ಮ್ಯಾಲೆ ಫೈಟರ್ ಬ್ಯಾರೆ. ಓದಾವಂಗ ಇದು ಗೊತ್ತಾಗ್ಬೇಕೋ ಬ್ಯಾಡೋ?”

ಹಾಗಾಗಿ ನೀವು ಪುಟದ ಕೆಳಗೆ ಎರಡು ಸಾಲಿನ ಅಡಿಟಿಪ್ಪಣಿ ಬರೆದಿರಿ. ಮೂಲದ ಪದಕ್ಕೆ ಕಾವಲು ಹಡಗು ಎಂದರ್ಥ. ಇಲ್ಲಿ ವರ್ಣಿಸಿರುವ ಕೆಲಸ ಯುದ್ಧವಿಮಾನಗಳಿಗಾಗಿ. ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಉದ್ಗಾರವಿಲ್ಲ.

ನಮ್ಮಿಬ್ಬರಿಗೂ ಕೆಲಸ ಕಳಿಸುತ್ತಿದ್ದ ಅನುವಾದ ಕಚೇರಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಒಬ್ಬರ ಅನುವಾದವನ್ನು ಇನ್ನೊಬ್ಬರು ಓದಿ ತಿದ್ದಬೇಕು, ಹೆಸರು ಗುಟ್ಟಾಗಿರುತ್ತದೆ. ಆ ಸಲ ಎರಡನೆಯ ಓದು ನನ್ನ ಪಾಲಿಗೆ ಬಂತು. ಮೊದಲ ಸಾಲಿನಲ್ಲೇ ನಿಮ್ಮದೆಂದು ತಿಳಿಯಿತು. ಬೇಡ, ಇವರು ನನ್ನ ಗುರುಗಳು, ಬೇರೆಯವರಿಗೆ ಕೊಡಿ ಎನ್ನಬಹುದಿತ್ತಲ್ಲ? ಎನ್ನಲಿಲ್ಲ. ಮುಖ್ಯ ಪರಿಶೀಲಕಿಯ ಹುದ್ದೆ ಖಾಲಿ ಇತ್ತು. ಮ್ಯಾನೇಜರ್ ಫೋನಿನಲ್ಲಿ, ಗಿರಾಕಿಗಳಿಗೆ ಟಿಪ್ಪಣಿ ಗಿಪ್ಪಣಿ ಇಷ್ಟವಿಲ್ಲ, ಇದು ಅನುವಾದವೋ ಅಭಿಪ್ರಾಯವೋ ನೀನೇ ನಿರ್ಧರಿಸು ಎಂದಳು. ನಿರ್ಧಾರ ಅವಳು ಆಗಲೇ ಮಾಡಿದ್ದಳು, ಕೈ ಮಾತ್ರ ನನ್ನದು ಬೇಕಿತ್ತು.

ಕೊಟ್ಟೆ. ನಿಮ್ಮ ಅಡಿಟಿಪ್ಪಣಿಯ ಮೇಲೆ ಅಡ್ಡಗೆರೆ ಎಳೆದೆ. ಅನುವಾದಕರು ಮೂಲದಲ್ಲಿಲ್ಲದ ಅಭಿಪ್ರಾಯ ಸೇರಿಸಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಫಾರ್ಮಿನಲ್ಲಿ ಸಣ್ಣ ದೋಷ, ಗಂಭೀರ ದೋಷ ಎಂದು ಎರಡು ಚೌಕಗಳಿದ್ದವು. ಗಂಭೀರಕ್ಕೆ ಗುರುತು ಹಾಕಿದೆ. ಗುರುವಿಗೇ ತಿರುಮಂತ್ರ. ಆಮೇಲೆ ಆ ಕಚೇರಿ ನಿಮಗೆ ಕೆಲಸ ಕಳಿಸುವುದನ್ನೇ ನಿಲ್ಲಿಸಿತು. ನನಗೆ ಹುದ್ದೆ ಸಿಕ್ಕಿತು, ನೀವು ಫೋನ್ ಮಾಡಿ ಅಭಿನಂದಿಸಿದಿರಿ.

ಅದಾದ ಮರುವಾರ ನೀವು ಇಲ್ಫರ್ಡಿಗೆ ಬಂದದ್ದನ್ನು ಎಷ್ಟು ಸಲ ನೆನೆದಿದ್ದೇನೋ. ಹತ್ತು ಸಲ ಕರೆದರೂ ಬಾರದವರು, ಮೊಣಕಾಲು ನೋವಿಟ್ಟುಕೊಂಡು, ಹೇಳದೆ ಕೇಳದೆ. ಕೋಟು ಬಿಚ್ಚಲಿಲ್ಲ. ಚಹಾ ಕುಡಿಯುತ್ತ ಆ ತಿದ್ದುಪಡಿಯ ವಿಷಯ ಹೇಳಿದಿರಿ.

“ಯಾರಿರಬಹುದು ತಂಗಿ, ಇದನ್ನ ನೋಡಿದವ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸಕ್ಕರೆ ಡಬ್ಬಿ ಹುಡುಕಲು ತಿರುಗಿಕೊಂಡೆ. ಡಬ್ಬಿ ಮೇಜಿನ ಮೇಲೇ ಇತ್ತು. “ಯಾರೋ ಹೊಸಬರಿರಬೇಕು ಮಾಸ್ತರೇ, ಅಷ್ಟು ತಲೆ ಕೆಡಿಸ್ಕೋಬೇಡಿ,” ಎಂದೆ.

ನೀವು ಲೋಟವನ್ನು ಮೇಜಿನ ಮೇಲಿಟ್ಟಿರಿ. “ಹೊಸಬರಲ್ಲ ಬಿಡವಾ. ಭಾಳ ಛಲೋ ಕಲ್ತಾರ,” ಎಂದಿರಿ. ಅರ್ಧ ಲೋಟ ಚಹಾ ಹಾಗೇ ಬಿಟ್ಟು ಹೊರಟಿರಿ. ಸ್ಟೇಷನ್ನಿನವರೆಗೆ ಬರುತ್ತೇನೆ ಎಂದರೆ ಬೇಡ ಎಂದಿರಿ. ಆ ಮೇಲೆ ಶನಿವಾರಗಳಿಗೆ ನಾನು ನೆಪ ಹುಡುಕಿದೆ. ನೀವೂ ಕರೆಯಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ನಿಮ್ಮ ಹೃದಯ ನಿಂತಿತು.

ಹದಿಮೂರನೆಯ ದಿನ ಕಾಕು ನನ್ನನ್ನು ಅಡುಗೆಮನೆಗೆ ಕರೆದು ಒಂದು ಫೈಲು ಕೊಟ್ಟರು. “ಇದು ನಿನಗ ಸೇರಬೇಕು, ನಿಮ್ಮ ಮಾಸ್ತರ್ ಭಾಳ ಸಲ ತಗದು ನೋಡ್ತಿದ್ರು,” ಎಂದರು. ಆಮೇಲೆ ದನಿ ಏರಿತು. “ಯಾವ ಹಾಟ್ಯಾ ಹಿಂಗ ಗೆರಿ ಹೊಡದಾನೋ! ಅವತ್ತಿಂದ ಪೆನ್ನ ಮುಟ್ಟಲಿಲ್ಲ ನೋಡವಾ ಅವ್ರು. ಅವನ ಕೈ ಸೇದಿ ಹೋಗ್ಲಿ.” ಹಾಗೆಂದು ನನ್ನ ಕೈಯಲ್ಲಿ ಒಂದು ಉಂಡೆ ಇಟ್ಟರು.

ಫೈಲಿನಲ್ಲಿ ಅದೇ ಪುಟವಿತ್ತು. ನಾನು ಮುದ್ರಿಸಿ, ಕೆಂಪು ಪೆನ್ನಿನಿಂದ ತಿದ್ದಿ, ಸ್ಕ್ಯಾನ್ ಮಾಡಿ ಕಳಿಸಿದ್ದು. ಕಚೇರಿಯವರು ಹೆಸರು ಅಳಿಸಿ ನಿಮಗೆ ಹಾಗೇ ರವಾನಿಸಿದ್ದರು. ಹೆಸರೇನೋ ಅಳಿಸಿದ್ದರು. ಆದರೆ ಪುಟದ ತುಂಬ, ಸರಿಯಾದ ಪ್ರತಿ ವಾಕ್ಯದ ಪಕ್ಕ, ಒಂದೊಂದು ದುಂಡನೆಯ ಸೊನ್ನೆ. ಅಡಿಟಿಪ್ಪಣಿಯ ಪಕ್ಕ ಒಂದು ಟಿಕ್. ಈ ಲಂಡನ್ನಿನಲ್ಲಿ ನೀವು ಹಾಗೆ ಗುರುತು ಹಾಕಲು ಕಲಿಸಿದ್ದು ಎಷ್ಟು ಜನರಿಗೆ ಮಾಸ್ತರೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ನೀವು ಇಲ್ಫರ್ಡಿನ ರೈಲು ಹತ್ತಿದಾಗಲೇ ನಿಮಗೆ ಎಲ್ಲ ಗೊತ್ತಿತ್ತು. ಪುಟದ ಅಂಚಿನಲ್ಲಿ, ನನ್ನ ಇಂಗ್ಲಿಷ್ ಷರಾದ ಪಕ್ಕ, ಪೆನ್ಸಿಲಿನಲ್ಲಿ ನೀವು ಬರೆದಿದ್ದಿರಿ: “ಕನ್ನಡದಾಗ ಹೇಳಿ ನೋಡು.”

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಗೊತ್ತಿದ್ದೂ ಯಾಕೆ ಬೈಯಲಿಲ್ಲ? ಮೇಜು ಗುದ್ದಿ, ನೀನೇ ಅಲ್ಲವೇನೇ ಎಂದು ಕೇಳಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಹೇಳಲು ಅವಕಾಶ ಕೊಟ್ಟು ಸುಮ್ಮನೆ ಕೂತಿರಲ್ಲ, ಅದು ದೊಡ್ಡತನವೋ ಶಿಕ್ಷೆಯೋ? ಮನೆಯಲ್ಲಿ ಕಾಕುವಿಗೂ ಹೇಳದೆ ನನ್ನ ಮಾನ ಕಾದಿರಿ. ಆ ಕಾವಲು ನನಗೆ ಬೇಕಿರಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹಡಗು ಸಿದ್ಧವಾಯಿತು. ಮೊದಲು ಅಮೆರಿಕದ ವಿಮಾನ ಪರೀಕ್ಷೆಗೆಂದು ಇಳಿಯಿತು, ಆಮೇಲೆ ನಮ್ಮ ಬ್ರಿಟಿಷ್ ವಿಮಾನಗಳೂ ಇಳಿದವು. ಮಣೆಯಂಥ ಆ ಚೌಕ ಮೂತಿಯನ್ನು ಫೋಟೋದಲ್ಲಿ ನೋಡಿದೆ, ನೀವು ಹೇಳಿದ ಹಾಗೇ ಇದೆ. ಜಪಾನಿ ಸುದ್ದಿಯಲ್ಲಿ ಇವತ್ತಿಗೂ ಅದು ಕಾವಲು ಹಡಗೇ. ಅದರ ಬಗ್ಗೆ ಬಂದ ಕಾಗದವನ್ನು ಈ ಸಲ ನಾನೇ ಅನುವಾದಿಸಿದೆ. ಪುಟದ ಕೆಳಗೆ ನಿಮ್ಮ ಎರಡು ಸಾಲನ್ನು ಅಕ್ಷರವೂ ಬದಲಿಸದೆ ಹಾಕಿದೆ. ಮರುದಿನವೇ ಅದು ತಿದ್ದಿಕೊಂಡು ವಾಪಸಾಯಿತು, ಅಡಿಟಿಪ್ಪಣಿ ಇರಲಿಲ್ಲ. ಯಾರು ಓದಿದರು ಎಂದು ಕೇಳಿದೆ. ಯಾರೂ ಅಲ್ಲ, ಈಗ ಎರಡನೆಯ ಓದು ಯಂತ್ರದ್ದು, ನಿನಗೆ ಹೇಳಲಿಲ್ಲವೇ ಎಂದರು. ಒಂದು ಸೊನ್ನೆಯಿಲ್ಲ, ಒಂದು ಟಿಕ್ ಇಲ್ಲ. ಗೆರೆ ಎಳೆದ ಕೈ ಯಾರದೆಂದು ನಿಮಗಾದರೂ ಗೊತ್ತಿತ್ತು.

ಕಾಕು ಇನ್ನೂ ಆ ಕೈಯನ್ನು ಶಪಿಸುತ್ತಿದ್ದಾರೆ, ಹೋದಾಗಲೆಲ್ಲ ನನಗೆ ಉಂಡೆ ಕಟ್ಟಿ ಕೊಡುತ್ತಾರೆ. ಎರಡು ವರ್ಷದಿಂದ ತಿನ್ನುತ್ತಿದ್ದೇನೆ. ಈ ಶನಿವಾರ ಕ್ವೀನ್ಸ್‌ಬರಿಗೆ ಹೋಗುತ್ತೇನೆ. ಎಲ್ಲ ಹೇಳಿದ ಮೇಲೆ ಅವರು ಮತ್ತೆ ನನಗೆ ಬಾಗಿಲು ತೆರೆಯುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ನೀವು ಹೇಳಿದ ಹಾಗೆ ಕನ್ನಡದಲ್ಲಿ ಹೇಳಿ ನೋಡುತ್ತಿದ್ದೇನೆ, ರೈಲಿನಲ್ಲಿ, ಬಚ್ಚಲಲ್ಲಿ, ಬಾಯಿಪಾಠ ಮಾಡುವವಳ ಹಾಗೆ. ಈಗೀಗ ಕೊನೆಯವರೆಗೂ ಬರುತ್ತಿದೆ: ಕಾಕು, ಆ ಕೈ ನನ್ನದು.